ನೀರಿನ ಮಟ್ಟ

ಶಿವರಾತ್ರಿ ಬಂದಿತೆಂದರೆ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಯುರೋಪಿನ ಚಳಿಗೆ ಈ ಮಾತು ಕೇಳಿಸಿರಲಾರದು. 2018ರಲ್ಲಿ ಶಿವರಾತ್ರಿ ಕಳೆದು ಎರಡು ವಾರ ಮೀರಿತ್ತು. ನಮ್ಮ ಕಡೆ ಹೋಳಿ ಹುಣ್ಣಿಮೆ; ಹುಡುಗರು ಕಾಮನನ್ನು ಸುಟ್ಟು, ತಮಟೆ ಬಡಿಯುತ್ತ ಬೇಸಗೆಯನ್ನು ಬರಮಾಡಿಕೊಳ್ಳುವ ಹೊತ್ತು. ಆ ಮಾರ್ಚ್ 2ರ ಶುಕ್ರವಾರ ಬೆಳಿಗ್ಗೆ ನಾವು ನಾಲ್ವರು ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದಿಂದ ರೈಲಿನಲ್ಲಿ ಆಮ್‌ಸ್ಟರ್‌ಡಾಮಿಗೆ ಹೊರಟಿದ್ದೆವು. ರಷ್ಯದ ಕಡೆಯಿಂದ ಬೀಸುತ್ತಿದ್ದ ಮೂಡಣಗಾಳಿ ಇಡೀ ಖಂಡವನ್ನು ನಡುಗಿಸುತ್ತಿತ್ತು. ರೈಲಿನ ಕಿಟಕಿಯಾಚೆ ಹೊಲಗಳ ನಡುವಿನ ನೀರುಗಾಲುವೆಗಳೆಲ್ಲ ಬಿಳುಪಾಗಿ, ಸುಣ್ಣದಲ್ಲಿ ಎಳೆದ ಗೆರೆಗಳಂತೆ ಕಾಣುತ್ತಿದ್ದವು.

ನಾಲ್ವರಲ್ಲಿ ಮೂವರು ಹಿಂದೊಮ್ಮೆ ಮೈಸೂರಿನ ಒಂದೇ ಹಾಸ್ಟೆಲಿನಲ್ಲಿದ್ದವರು. ಒಬ್ಬ, ಕೆಲಸದ ಮೇಲೆ ಜರ್ಮನಿಗೆ ಹೋಗಿ ಅಲ್ಲಿಯೇ ನೆಲೆಸಿದವನು. ಇನ್ನೊಬ್ಬ, ಮಂಡ್ಯದ ಕಡೆ ನಾಲೆಗಳ ಮೇಲೆಯೇ ಆಯುಷ್ಯ ಕಳೆದು ನಿವೃತ್ತನಾದ ನೀರಾವರಿ ಎಂಜಿನಿಯರ್. ಮೂರನೆಯವನು ನಾನು. ನಾಲ್ಕನೆಯವರು ಡ್ಯುಸೆಲ್‌ಡಾರ್ಫಿನ ಗೆಳೆಯನ ಪತ್ನಿ. ಇತಿಹಾಸದ ಅಧ್ಯಾಪಕಿ, ನಾವಿಬ್ಬರೂ ಅವರನ್ನು ಅತ್ತಿಗೆ ಎಂದೇ ಕರೆಯುವುದು. ಎಲ್ಲಿಗೆ ಹೋಗಬೇಕು, ಏನು ನೋಡಬೇಕು ಎಂಬುದನ್ನೆಲ್ಲ ನಿರ್ಧರಿಸಿದವರು ಅವರೇ. ನಮ್ಮ ಪಾಲಿಗೆ ಉಳಿದದ್ದು ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆಳೆದುಕೊಂಡು ಹಿಂಬಾಲಿಸುವ ಕೆಲಸ.

ನಿಲ್ದಾಣದಿಂದ ಹೊರಬಂದ ಕೂಡಲೇ ನೀರು ಎದುರಾಯಿತು. ಆಮ್‌ಸ್ಟೆಲ್ ಎಂಬ ನದಿಗೆ ಕಟ್ಟಿದ ‘ಡ್ಯಾಮ್’ ಇದ್ದ ಊರು ಆಮ್‌ಸ್ಟರ್‌ಡಾಮ್. 1275ರ ಒಂದು ಸುಂಕದ ಶಾಸನದಲ್ಲಿ ಈ ಹೆಸರು ಮೊದಲು ಕಾಣಿಸಿಕೊಳ್ಳುತ್ತದೆಯಂತೆ. ಅಲ್ಲಿಂದ ಮುಂದೆ ಊರು ಬೆಳೆದದ್ದೆಲ್ಲ ಜೌಗುನೆಲದ ಮೇಲೆ. 1613ರಿಂದ ತೋಡತೊಡಗಿದ ಮೂರು ದೊಡ್ಡ ಕಾಲುವೆಗಳು ಹಳೆಯ ಊರನ್ನು ಮೂರು ಸುತ್ತಿನ ಕೋಟೆಯಂತೆ ಬಳಸಿಕೊಂಡಿವೆ. ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂದು ಅವುಗಳ ಹೆಸರು. ಒಡೆಯರ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ ಎಂದಿಟ್ಟುಕೊಳ್ಳಬಹುದು. ಅವುಗಳ ಇಕ್ಕೆಲದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಇಟ್ಟಿಗೆಯ ಎತ್ತರದ ಮನೆಗಳು. ಅಗಲ ನಮ್ಮ ಎರಡು ಅಂಕಣದಷ್ಟಿದ್ದರೆ ಹೆಚ್ಚು. 2010ರಲ್ಲಿ ಯುನೆಸ್ಕೊ ಈ ಕಾಲುವೆಗಳ ವಲಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಎಂಜಿನಿಯರ್ ಗೆಳೆಯ ಮೊದಲ ಸೇತುವೆಯ ಕಟಕಟೆಗೆ ಒರಗಿ ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ, “ನೋಡಯ್ಯ, ನಮ್ಮ ನಾಲೆಗಳೆಲ್ಲ ನೀರನ್ನು ಕರೆತರುವುದಕ್ಕೆ ತೋಡಿದವು. ಇವರು ತೋಡಿರುವುದು ನೀರನ್ನು ಕಳುಹಿಸಿಕೊಡುವುದಕ್ಕೆ” ಎಂದ. ಅವನ ಮುಖದಲ್ಲಿ ಒಂದು ಬಗೆಯ ಅಸೂಯೆಯನ್ನು ಕಂಡೆ. ಬೇಸಗೆಯ ಕೊನೆಯ ದಿನಗಳಲ್ಲಿ ನಾಲೆಯ ಕಟ್ಟಕಡೆಯ ಊರಿಗೆ ನೀರು ಮುಟ್ಟಿಸಲು ಹೆಣಗಿದವನಿಗೆ, ನೀರು ಹೆಚ್ಚಾಯಿತೆಂದು ಚಿಂತಿಸುವ ನಾಡು ಕಂಡರೆ ಏನನ್ನಿಸಬೇಡ!

ಅಂದು ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ಬಳಿ ಕಂಡ ನೋಟ ಪ್ರವಾಸದ ಕೈಪಿಡಿಗಳಲ್ಲಿ ಇರುವಂತಹುದಲ್ಲ. ಕಾಲುವೆ ಹೆಪ್ಪುಗಟ್ಟಿತ್ತು. ನಗರದ ನಡುವಿನ ಕಾಲುವೆಗಳು ಹೀಗೆ ಗಟ್ಟಿಯಾಗುವುದು ಈಗ ಅಪರೂಪ. ಎಷ್ಟೋ ಚಳಿಗಾಲಗಳು ಬರಿಯ ಮಳೆಯಲ್ಲಿಯೇ ಕಳೆದುಹೋಗುತ್ತವೆ. ಅದಕ್ಕೇ ಇರಬೇಕು, ಮಂಜುಗಡ್ಡೆ ಒಡೆಯದೆ ಬೆಳೆಯಲಿ ಎಂದು ನಗರದವರು ಕೆಲವು ಕಾಲುವೆಗಳಲ್ಲಿ ದೋಣಿಗಳ ಸಂಚಾರವನ್ನೇ ನಿಲ್ಲಿಸಿದ್ದರು. ಕಚೇರಿಗೆ ಹೋಗಬೇಕಾದವರು, ಶಾಲೆ ಬಿಟ್ಟು ಬಂದ ಮಕ್ಕಳು, ಕೋಟು ತೊಟ್ಟ ಮುದುಕಿಯರು, ಎಲ್ಲರೂ ನೀರಿನ ಮೇಲಿದ್ದರು. ಕೆಲವರು ಕಾಲಿಗೆ ಸ್ಕೇಟು ಕಟ್ಟಿಕೊಂಡು ಕೈಗಳನ್ನು ಬೆನ್ನಿಗೆ ಸೇರಿಸಿ ಹಕ್ಕಿಗಳಂತೆ ಜಾರಿಹೋಗುತ್ತಿದ್ದರು. ಕಲಿಯುವ ಮಕ್ಕಳು ಅಡುಗೆಮನೆಯ ಕುರ್ಚಿಯೊಂದನ್ನು ಮುಂದಿಟ್ಟು, ಅದರ ಬೆನ್ನನ್ನು ಹಿಡಿದು ತಳ್ಳುತ್ತ ಹೋಗುತ್ತಿದ್ದವು. ನಿನ್ನೆಯವರೆಗೆ ದೋಣಿಯಿಂದ ಮಾತ್ರ ಕಾಣಬಹುದಾಗಿದ್ದ ತಮ್ಮ ಮನೆಯ ಮೋರೆಯನ್ನು ಜನ ನಡುಕಾಲುವೆಯಲ್ಲಿ ನಿಂತು ನೋಡುತ್ತಿದ್ದರು.

ದಡದ ಕಲ್ಲಿನ ಮೇಲೆ ಕುಳಿತು ಒಬ್ಬ ವೃದ್ಧರು ಹಳೆಯ ಸ್ಕೇಟುಗಳ ದಾರ ಬಿಗಿಯುತ್ತಿದ್ದರು. ನಮ್ಮನ್ನು ಕಂಡು ಇಂಗ್ಲಿಷಿನಲ್ಲಿ ಮಾತಿಗೆಳೆದರು. ಎಲ್ಲಿಂದ ಬಂದಿರಿ ಎಂದು ಕೇಳಿ, ಭಾರತ ಎಂದ ಮೇಲೆ, “ನಿಮ್ಮಲ್ಲಿ ಕೆರೆಗಳು ಹೆಪ್ಪುಗಟ್ಟುವುದುಂಟೆ?” ಎಂದರು.

“ನಮ್ಮಲ್ಲಿ ಬತ್ತುವುದುಂಟು” ಎಂದ ನನ್ನ ಗೆಳೆಯ.

ಮುದುಕರು ನಕ್ಕರು. ತಮಗೆ ಎಂಬತ್ತೊಂದು ವರ್ಷವೆಂದೂ, ಕಾಲುವೆ ಗಟ್ಟಿಯಾದ ಯಾವ ವರ್ಷವೂ ಇಳಿಯದೆ ಇದ್ದವರಲ್ಲವೆಂದೂ ಹೇಳಿಕೊಂಡರು. ನನ್ನ ಗೆಳೆಯ ತಾನೂ ಇಳಿಯಬಹುದೆ ಎಂದು ಕೇಳಿದಾಗ ಅವರು ಮೇಷ್ಟರಂತೆ ಬೆರಳೆತ್ತಿ ಎಚ್ಚರಿಕೆಗಳನ್ನು ಹೇಳಿದರು. ಸೇತುವೆಯ ಕೆಳಗೆ ಹೋಗಬಾರದು, ಅಲ್ಲಿ ಮಂಜು ತೆಳುವಾಗಿರುತ್ತದೆ. ದೋಣಿಮನೆಗಳ ಮಗ್ಗುಲಿಗೂ ಹೋಗಬಾರದು. ಗುಂಪುಗೂಡಿ ನಿಲ್ಲಬಾರದು, ಆದರೆ ಕೂಗಿದರೆ ಇನ್ನೊಬ್ಬರಿಗೆ ಕೇಳದಷ್ಟು ದೂರವೂ ಹೋಗಬಾರದು. ಗೆಳೆಯ ಬೂಟುಗಾಲಿನಲ್ಲಿಯೇ ಇಳಿದು, ಗರ್ಭಗುಡಿಯ ಹೊಸ್ತಿಲು ದಾಟುವವನಂತೆ ಹತ್ತು ಹೆಜ್ಜೆ ನಡೆದು ಬಂದ. ನಾನು ದಡದಲ್ಲಿಯೇ ನಿಂತೆ.

ಅತ್ತಿಗೆ ಆ ವೃದ್ಧರನ್ನು ಯುದ್ಧಕಾಲದ ಬಗೆಗೆ ಕೇಳಿದರು. ಕೇಳಬಾರದಿತ್ತೇನೋ ಎಂದು ನನಗನ್ನಿಸಿತು. ಆದರೆ ಅವರು ಬೇಸರಪಡಲಿಲ್ಲ. 1944–45ರ ಚಳಿಗಾಲವನ್ನು ಈ ನಾಡು ‘ಹಸಿವಿನ ಚಳಿಗಾಲ’ ಎಂದು ಕರೆಯುತ್ತದೆ. ಜರ್ಮನರ ವಶದಲ್ಲಿದ್ದ ಪಶ್ಚಿಮದ ನಗರಗಳಿಗೆ ಆಹಾರವಿಲ್ಲ, ಕಲ್ಲಿದ್ದಲಿಲ್ಲ. ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಟ್ರಾಮಿನ ಹಳಿಗಳ ನಡುವೆ ಹಾಸಿದ್ದ ಮರದ ತುಂಡುಗಳನ್ನು ಕಿತ್ತು ಒಲೆಗೆ ಹಾಕಿದರು. ಆಗ ಈ ಮುದುಕರು ಏಳು ವರ್ಷದ ಬಾಲಕ.

“ನಮ್ಮ ಎದುರುಮನೆಯಲ್ಲಿ ನನ್ನ ವಯಸ್ಸಿನ ಒಬ್ಬ ಹುಡುಗನಿದ್ದ” ಎಂದರು ಅವರು. “ಯೆಹೂದ್ಯರ ಮನೆ. ಒಂದು ದಿನ ಅವರನ್ನೆಲ್ಲ ಕರೆದುಕೊಂಡು ಹೋದರು. ಮನೆ ಹಾಗೆಯೇ ನಿಂತಿತ್ತು. ಆ ಚಳಿಗಾಲದಲ್ಲಿ ನಾವು ಅದರ ಮೆಟ್ಟಿಲುಗಳನ್ನು ಸುಟ್ಟೆವು. ಬಾಗಿಲುಗಳನ್ನು ಸುಟ್ಟೆವು. ತೊಲೆಗಳನ್ನೂ ತಂದವರಿದ್ದರು. ಮನೆ ಕುಸಿಯಿತು. ನಮಗೆ ಬಹಳ ಚಳಿಯಾಗುತ್ತಿತ್ತು.”

ಇಷ್ಟು ಹೇಳಿ ಎದ್ದು, ನಮ್ಮ ಕೈಕುಲುಕಿ, ಮಂಜಿನ ಮೇಲಿಳಿದು ಹೊರಟುಹೋದರು. ಎಂಬತ್ತೊಂದರ ಆ ದೇಹ ಇಪ್ಪತ್ತೊಂದರ ಹುಡುಗನಂತೆ ಬಾಗಿ ಬಳುಕಿ ಜನರ ನಡುವೆ ಮರೆಯಾಯಿತು.

ಮರುದಿನ ಶನಿವಾರ. ನನ್ನ ಎಂಜಿನಿಯರ್ ಗೆಳೆಯನಿಗೆ ನಗರದ ಬುಡವನ್ನು ನೋಡಬೇಕೆಂಬ ಹಟ. ಬುಡ ಕಾಣುವಂತಿಲ್ಲ, ಅದೇ ಅದರ ವಿಶೇಷ. ಡ್ಯಾಮ್ ಚೌಕದಲ್ಲಿರುವ ಅರಮನೆಯನ್ನು ನೋಡಿದೆವು. 1648ರಲ್ಲಿ ನಗರಸಭೆಗಾಗಿ ಕಟ್ಟಲಾರಂಭಿಸಿದ ಭವನವಿದು, 1808ರಲ್ಲಿ ಅರಮನೆಯಾಯಿತು. ಅದರ ಕೆಳಗೆ 13,659 ಮರದ ಗೂಟಗಳಿವೆ. ಅಲ್ಲಿನ ಮಕ್ಕಳಿಗೆ ಈ ಸಂಖ್ಯೆಯನ್ನು ನೆನಪಿಡಲು ಒಂದು ಉಪಾಯ ಹೇಳಿಕೊಡುತ್ತಾರೆ: ವರ್ಷದ ದಿನಗಳು 365, ಅದರ ಹಿಂದೆ ಒಂದು ಒಂದನ್ನೂ ಮುಂದೆ ಒಂದು ಒಂಬತ್ತನ್ನೂ ಇಟ್ಟರೆ ಆಯಿತು. ನಿಲ್ದಾಣದ ಕಟ್ಟಡವೂ ಹಾಗೆಯೇ, 8,687 ಗೂಟಗಳ ಮೇಲೆ ನಿಂತಿದೆ.

ಇಲ್ಲಿನ ನೆಲವನ್ನು ಅಗೆದರೆ ಮೊದಲು ಸಿಗುವುದು ಕೊಳೆತ ಜೊಂಡು, ಜೇಡಿ, ಕೆಸರು. ಸುಮಾರು ಹನ್ನೆರಡು ಮೀಟರ್ ಕೆಳಗೆ ಮರಳಿನ ಗಟ್ಟಿ ಪದರವಿದೆ. ಅಲ್ಲಿಯವರೆಗೆ ಪೈನ್ ಮೊದಲಾದ ಮರಗಳ ಉದ್ದನೆಯ ದಿಮ್ಮಿಗಳನ್ನು ತಲೆಕೆಳಗಾಗಿ ಇಳಿಸಿ, ಅವುಗಳ ಮೇಲೆ ಮನೆಯನ್ನು ಕೂರಿಸುವುದು ಹಳೆಯ ಪದ್ಧತಿ. ಯಂತ್ರವಿಲ್ಲದ ಕಾಲದಲ್ಲಿ ಮೂವತ್ತು ನಲವತ್ತು ಆಳುಗಳು ಹಗ್ಗ ಹಿಡಿದು ಭಾರವಾದ ಕೊರಡನ್ನು ಎತ್ತಿ ಎತ್ತಿ ಗೂಟದ ತಲೆಯ ಮೇಲೆ ಬಿಡುತ್ತಿದ್ದರು. ಎಲ್ಲರ ಕೈಯೂ ಒಟ್ಟಿಗೆ ಏಳಲೆಂದು ಹಾಡು ಹೇಳುತ್ತಿದ್ದರು. ಕಲ್ಲುಬಂಡೆ ಸಾಗಿಸುವ ನಮ್ಮ ಜನರ ‘ಐಸಾ’ ನನಗೆ ನೆನಪಾಯಿತು.

“ಮರ ನಾನೂರು ವರ್ಷ ಹೇಗೆ ಬಾಳಿತು?” ಎಂದು ನಾನು ಕೇಳಿದೆ.

“ನೀರಿನಲ್ಲಿ ಮುಳುಗಿದೆಯಲ್ಲ, ಅದಕ್ಕೆ” ಎಂದ ಗೆಳೆಯ. “ಗಾಳಿ ತಗುಲದಿದ್ದರೆ ಮರಕ್ಕೆ ಬೂಸು ಹಿಡಿಯದು. ನೆಲದೊಳಗಿನ ನೀರು ಇಳಿದು ಗೂಟದ ತಲೆ ಹೊರಬಂದರೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಇವರಿಗೆ ನೀರು ಏರಿದರೂ ಕಷ್ಟ, ಇಳಿದರೂ ಕಷ್ಟ.”

ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕಾಲುವೆಗಳ ಮಟ್ಟವನ್ನು ಒಂದೇ ಅಳತೆಯಲ್ಲಿ ಕಾಯ್ದುಕೊಂಡು ಬರುವುದು ಇಲ್ಲಿ ಯಾರೊಬ್ಬರ ಸೊತ್ತೂ ಅಲ್ಲದ, ಎಲ್ಲರ ಮನೆಯ ಅಸ್ತಿಭಾರದ ವಿಷಯ. ಅದಕ್ಕಾಗಿ ಈ ನಾಡಿನಲ್ಲಿ 13ನೆಯ ಶತಮಾನದಿಂದಲೂ ಜಲಮಂಡಲಿಗಳಿವೆ. ರಾಜರು ಹೋದರು, ನೆಪೋಲಿಯನ್ ಬಂದು ಹೋದ, ಜಲಮಂಡಲಿಗಳು ಉಳಿದವು. ಇಂದಿಗೂ ನಾಲ್ಕು ವರ್ಷಕ್ಕೊಮ್ಮೆ ಅವುಗಳಿಗೆ ಚುನಾವಣೆ ನಡೆಯುತ್ತದೆ. ಹಿಂದೆ ಒಂದು ಕಠಿಣವಾದ ಕಟ್ಟಳೆಯಿತ್ತು. ತನ್ನ ಪಾಲಿನ ಏರಿಯನ್ನು ಕಾಪಾಡಲಾರದ ರೈತನು ತನ್ನ ಸಲಿಕೆಯನ್ನು ಅದರಲ್ಲಿ ಚುಚ್ಚಿ ಹೊರಟುಹೋಗಬೇಕು. ಅದನ್ನು ಕಿತ್ತವನಿಗೆ ಹೊಲವೂ ಸೇರಿತು, ಏರಿಯ ಹೊಣೆಯೂ ಸೇರಿತು. ನಮ್ಮಲ್ಲಿಯೂ ಕೆರೆಯ ದುರಸ್ತಿಗೆಂದು ಕಟ್ಟುಗೊಡಗೆಯ ಭೂಮಿ ಬಿಟ್ಟ ಶಾಸನಗಳಿವೆ. ತೂಬು ಕಾಯುವ ನೀರುಗಂಟಿಯಿದ್ದ. ಅವನ ಮಾತಿಗೆ ಗೌಡನೂ ತಲೆಬಾಗುತ್ತಿದ್ದನೆಂದು ನನ್ನ ಗೆಳೆಯ ಅಭಿಮಾನದಿಂದ ಹೇಳಿದ. “ಈಗ ಎಲ್ಲಿ ನೀರುಗಂಟಿ?” ಎಂದು ತಾನೇ ಕೇಳಿಕೊಂಡು ಸುಮ್ಮನಾದ.

ಎಲ್ಲವೂ ಇಲ್ಲಿ ನೆಟ್ಟಗಿದೆಯೆಂದು ತಿಳಿಯಬೇಕಾಗಿಲ್ಲ. ಎಷ್ಟೋ ಮನೆಗಳು ಒಂದರ ಹೆಗಲಿಗೆ ಇನ್ನೊಂದು ಒರಗಿ ನಿಂತಿವೆ. ಗಾಡಿಗಳ ಕಾಲಕ್ಕೆಂದು ಕಟ್ಟಿದ ದಡಗಳ ಮೇಲೆ ಈಗ ಲಾರಿಗಳು ಓಡುತ್ತವೆ. ನಾವು ಹೋಗಿಬಂದ ಎರಡು ವರ್ಷಗಳ ಮೇಲೆ, 2020ರ ಸೆಪ್ಟೆಂಬರಿನಲ್ಲಿ, ಗ್ರಿಮ್‌ಬರ್ಗ್‌ವಾಲ್ ಎಂಬಲ್ಲಿ ದಡದ ಗೋಡೆಯೇ ಕುಸಿದು ಕಾಲುವೆಗೆ ಬಿತ್ತು.

ಕಾಲುವೆಯ ಬದಿಯ ಮನೆಗಳ ನೆತ್ತಿಯಲ್ಲಿ ಒಂದೊಂದು ತೊಲೆ ಹೊರಚಾಚಿ, ಅದರ ತುದಿಗೆ ಕೊಕ್ಕೆಯಿದೆ. ಮೆಟ್ಟಿಲುಗಳು ಇಕ್ಕಟ್ಟಾದುದರಿಂದ ಸಾಮಾನುಗಳನ್ನು ಹಗ್ಗಕಟ್ಟಿ ಕಿಟಕಿಯ ಮೂಲಕವೇ ಏರಿಸುತ್ತಾರೆ. ಹಿಂದೆ ಹೀಗೆ ಅಟ್ಟಕ್ಕೆ ಏರುತ್ತಿದ್ದುದು ಮೆಣಸು, ದಾಲ್ಚಿನ್ನಿ, ಲವಂಗ. 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಮ್ಮ ಕರಾವಳಿಗೂ ಬಂದವು. ಕೆಳದಿಯ ಅರಸರ ಕಾಲದಲ್ಲಿ ಬಸರೂರಿನಲ್ಲಿ ಅಕ್ಕಿ, ಮೆಣಸುಗಳ ವ್ಯಾಪಾರ ಮಾಡಿದವು. ಈ ಚೆಲುವಾದ ಮನೆಗಳ ಹಣದಲ್ಲಿ ಮೆಣಸಿನ ಘಾಟು ಮಾತ್ರವಲ್ಲ, ಗುಲಾಮರ ಬೆವರೂ ಇದೆ. 2021ರ ಜುಲೈ 1ರಂದು ನಗರದ ಮೇಯರ್ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಮೂಲೆಯ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಅತ್ತಿಗೆ ಇನ್ನೊಂದು ಸಂಗತಿ ಹೇಳಿದರು. 1696ರಲ್ಲಿ ಡಚ್ಚರು ಮಲಬಾರಿನಿಂದ ಕಾಫಿಯ ಸಸಿಗಳನ್ನು ಜಾವಾಕ್ಕೆ ಒಯ್ದರು. ಜಾವಾದಿಂದ 1706ರಲ್ಲಿ ಒಂದು ಗಿಡ ಈ ಊರಿನ ಸಸ್ಯೋದ್ಯಾನಕ್ಕೆ ಬಂದಿತು. ಅಮೆರಿಕ ಖಂಡದ ಕಾಫಿತೋಟಗಳಲ್ಲಿ ಬಹುಪಾಲು ಅದರ ಸಂತತಿಯಂತೆ. ಬಾಬಾಬುಡನ್‌ಗಿರಿಯ ಕಡೆಯವರಾದ ಅತ್ತಿಗೆಗೆ ಅಲ್ಲಿಯ ಕಾಫಿ ನೀರುನೀರಾಗಿ ಕಂಡದ್ದು ಬೇರೆ ಮಾತು.

ಮಧ್ಯಾಹ್ನ ನಗರಸಭೆಯ ಭವನಕ್ಕೆ ಹೋದೆವು. ನಗರಸಭೆ, ಸಂಗೀತನಾಟಕಶಾಲೆ ಎರಡೂ ಒಂದೇ ಕಟ್ಟಡದಲ್ಲಿವೆ. ಅವೆರಡರ ನಡುವಿನ ಹಾದಿಯಲ್ಲಿ ನೀರು ತುಂಬಿದ ಮೂರು ಗಾಜಿನ ಕಂಬಗಳಿವೆ. ಎರಡರಲ್ಲಿ ನೀರು ಸಮುದ್ರದ ಉಬ್ಬರವಿಳಿತಕ್ಕೆ ತಕ್ಕಂತೆ ಆ ಕ್ಷಣದಲ್ಲಿಯೇ ಏರಿಳಿಯುತ್ತಿರುತ್ತದೆ. ಮೂರನೆಯದು ನಮ್ಮ ತಲೆಯ ಮೇಲೆ ಬಹಳ ಎತ್ತರದವರೆಗೆ, ನಾಲ್ಕೂವರೆ ಮೀಟರಿಗೂ ಮೇಲೆ ನಿಂತಿದೆ. 1953ರ ಫೆಬ್ರವರಿ 1ರ ರಾತ್ರಿ ಸಮುದ್ರ ಏರಿದ ಮಟ್ಟ ಅದು. ಏರಿಗಳು ಒಡೆದು 1,836 ಜನ ಆ ಪ್ರಳಯದಲ್ಲಿ ಸತ್ತರು. ಅಲ್ಲಿಯೇ ಕೆಳಗೆ, ಕಂಬವೊಂದರ ತಲೆಯಲ್ಲಿ, ಒಂದು ಕಂಚಿನ ಮೊಳೆಯಿದೆ. ಅದರ ನೆತ್ತಿಯೇ ಸೊನ್ನೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಯೋಹಾನೆಸ್ ಹುಡ್ಡೆ ಎಂಬ ಗಣಿತಜ್ಞ ನಗರಾಧ್ಯಕ್ಷನಾಗಿದ್ದಾಗ, ತೂಬುಗಳಲ್ಲಿ ಅಮೃತಶಿಲೆಗಳನ್ನು ನೆಟ್ಟು ಈ ಮಟ್ಟವನ್ನು ಗುರುತಿಸಿದರು. ಇಂದು ಯುರೋಪಿನ ಎಷ್ಟೋ ದೇಶಗಳ ಬೆಟ್ಟಗಳ ಎತ್ತರವನ್ನು ‘ಆಮ್‌ಸ್ಟರ್‌ಡಾಮ್ ಮಟ್ಟ’ದಿಂದಲೇ ಎಣಿಸುತ್ತಾರೆ. ಗೆಳೆಯ ಆ ಮೊಳೆಯ ಮೇಲೆ ಕೈಯಿಟ್ಟು ದೇವರಿಗೆ ಕೈಮುಗಿದವನಂತೆ ನಿಂತ. ಅವನ ಜೀವಮಾನವೆಲ್ಲ ಇಂತಹ ಗುರುತುಕಲ್ಲುಗಳ ನಡುವೆಯೇ ಕಳೆದಿತ್ತು.

ಭವನದ ಸುತ್ತಲಿನ ಪ್ರದೇಶ ಯುದ್ಧಕ್ಕೆ ಮೊದಲು ಯೆಹೂದ್ಯರ ಕೇರಿಯಾಗಿತ್ತು. ಸ್ವಲ್ಪ ದೂರದಲ್ಲಿ ಒಂದು ಚೌಕ. ಅದರಲ್ಲಿ ದಪ್ಪ ಕೈಗಳ, ಎದೆಯೆತ್ತಿ ನಿಂತ ಕೂಲಿಯಾಳೊಬ್ಬನ ಕಂಚಿನ ವಿಗ್ರಹ. ಶಿಲ್ಪಿ ಮಾರಿ ಆಂದ್ರಿಸೆನ್ ನಿರ್ಮಿಸಿದ, 1952ರಲ್ಲಿ ನಿಲ್ಲಿಸಿದ ‘ಬಂದರಿನ ಕೆಲಸಗಾರ’ ಅದು. ಪಾದದ ಬಳಿ ಒಂದು ವಾರದ ಹಿಂದೆ ಇಟ್ಟಿದ್ದ ಹೂಮಾಲೆಗಳು ಮಂಜು ಹಿಡಿದು ಗರಿಗರಿಯಾಗಿದ್ದವು.

1941ರ ಫೆಬ್ರವರಿ 22, 23ರಂದು ಜರ್ಮನ್ ಪೊಲೀಸರು ಈ ಕೇರಿಯಿಂದ ನಾನೂರಕ್ಕೂ ಹೆಚ್ಚು ಯೆಹೂದ್ಯ ಯುವಕರನ್ನು ಹಿಡಿದು ಸಾಗಿಸಿದರು. ಮರುದಿನ ಸಂಜೆ ಪ್ರಿನ್ಸೆನ್‌ಗ್ರಾಖ್ಟ್ ಬಳಿಯ ಉತ್ತರ ಮಾರುಕಟ್ಟೆಯಲ್ಲಿ ಒಂದು ಸಭೆ ಸೇರಿತು. ಅದರ ಹಿಂದಿದ್ದವರು ಇಬ್ಬರು: ರಸ್ತೆ ಕೆಲಸದ ವಿಲೆಮ್ ಕ್ರಾನ್, ಬೀದಿ ಗುಡಿಸುವ ಪೀಟ್ ನಾಕ್. ಇಬ್ಬರೂ ನಗರಸಭೆಯ ಕೆಲಸಗಾರರು, ಕಮ್ಯುನಿಸ್ಟ್ ಪಕ್ಷದವರು. 25ರ ಬೆಳಿಗ್ಗೆ ಟ್ರಾಮುಗಳು ಹೊರಡಲಿಲ್ಲ. ಬಂದರು ನಿಂತಿತು. ಕಾರ್ಖಾನೆಗಳು ನಿಂತವು. ತಮ್ಮವರಲ್ಲದ ನೆರೆಯವರಿಗಾಗಿ ಒಂದು ನಗರ ಕೈಕಟ್ಟಿ ಕುಳಿತಿತು. ಗುಂಡು ಹಾರಿಸಿ, ಬೆದರಿಸಿ ಎರಡು ದಿನಗಳಲ್ಲಿ ಮುಷ್ಕರವನ್ನು ಅಡಗಿಸಿದರು. ವಿಲೆಮ್ ಕ್ರಾನ್‌ನನ್ನು ಮುಂದೆ ಗುಂಡಿಟ್ಟು ಕೊಂದರು.

ನನಗೆ ಈ ಕತೆಯಿಂದ ಎದೆ ತುಂಬಿ ಬಂದಿತ್ತು. ಅತ್ತಿಗೆ ಮಾತ್ರ ಅಲ್ಲಿಗೇ ಬಿಡಲಿಲ್ಲ. ಅವರು ಇತಿಹಾಸದ ಅಧ್ಯಾಪಕಿ.

“ಆ ಮುಷ್ಕರ ಕಳೆದು ಮೂರು ತಿಂಗಳಿಗೆ, ಅದೇ ನಗರಸಭೆಯ ಕಚೇರಿಯಲ್ಲಿ ಒಂದು ನಕ್ಷೆ ತಯಾರಾಯಿತು” ಎಂದರು. “ನಗರದ ಯಾವ ಯಾವ ಬೀದಿಯಲ್ಲಿ ಯೆಹೂದ್ಯರು ಎಷ್ಟೆಷ್ಟು ಎಂದು ತೋರಿಸುವ ನಕ್ಷೆ. ಒಂದು ಚುಕ್ಕೆಗೆ ಹತ್ತು ಜನ. ಎಲ್ಲಿಯೂ ತಪ್ಪಿಲ್ಲ, ಕಾಟಿಲ್ಲ. ಬಹಳ ಅಚ್ಚುಕಟ್ಟಾದ ಕೆಲಸ.”

ಆ ನಕ್ಷೆಯ ಚಿತ್ರವನ್ನು ಅವರು ಪುಸ್ತಕವೊಂದರಲ್ಲಿ ತೋರಿಸಿದರು. ದೂರದಿಂದ ನೋಡಿದರೆ ಮನೆಯ ಮುಂದೆ ರಂಗೋಲಿಗೆ ಇಟ್ಟ ಚುಕ್ಕೆಗಳಂತಿದ್ದವು. ನಾವು ನಿಂತಿದ್ದ ಕೇರಿಯಲ್ಲಿ ಚುಕ್ಕೆಗಳು ದಟ್ಟವಾಗಿ ಕಪ್ಪುಗಟ್ಟಿದ್ದವು. ನೀರನ್ನು ಬೆರಳಗಲದಷ್ಟೂ ತಪ್ಪದಂತೆ ಅಳೆಯಬಲ್ಲ ಕೈಗಳು, ಅಳೆಯುವುದನ್ನು ಕಲಿತ ಕೈಗಳು, ಅದೇ ನಿಷ್ಠೆಯಿಂದ ಮನುಷ್ಯರನ್ನೂ ಎಣಿಸಿ ಕೊಟ್ಟಿದ್ದವು. ಆ ದೇಶದ ಸುಮಾರು 1,40,000 ಯೆಹೂದ್ಯರಲ್ಲಿ ಕೊಲೆಯಾದವರು 1,02,000ಕ್ಕೂ ಹೆಚ್ಚು. ಗೆಳೆಯ ಅಷ್ಟು ಹೊತ್ತು ಹೊಗಳುತ್ತಿದ್ದ ನಗರಸಭೆಯ ಭವನದ ಕಡೆ ತಿರುಗಿ ನೋಡಿದ, ಏನೂ ಹೇಳಲಿಲ್ಲ. ಒಂದೇ ಕಚೇರಿಯ ಮೇಜಿನ ಮುಂದೆ ಕುಳಿತವರು ಚುಕ್ಕೆ ಇಟ್ಟರು, ಅದರ ಬೀದಿಯನ್ನು ಗುಡಿಸುವವನು ನಗರವನ್ನು ನಿಲ್ಲಿಸಿದನು. ಎರಡೂ ಇದೇ ಊರು. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಮುಚ್ಚಿಡುವವರನ್ನು ನಾನು ನಂಬಲಾರೆ.

2021ರಲ್ಲಿ ಅದೇ ಪ್ರದೇಶದಲ್ಲಿ ಸತ್ತವರ ಹೆಸರುಗಳ ಸ್ಮಾರಕವೊಂದು ಎದ್ದಿತು. ಒಂದು ಇಟ್ಟಿಗೆಗೆ ಒಂದು ಹೆಸರು. ಹುಟ್ಟಿದ ದಿನ, ಸಾಯುವಾಗಿನ ವಯಸ್ಸು. ಅದನ್ನು ನೋಡಿಬಂದ ಅತ್ತಿಗೆ ನನಗೆ ಬರೆದ ಪತ್ರದಲ್ಲಿ, ‘ಈಗ ಒಬ್ಬರಿಗೆ ಒಂದು’ ಎಂಬ ಒಂದೇ ಸಾಲು ಇತ್ತು.

ಭಾನುವಾರ ಗಾಳಿ ದಿಕ್ಕು ಬದಲಿಸಿತು. ಬೆಳಿಗ್ಗೆ ಕಿಟಕಿ ತೆರೆದಾಗ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂದು ಪ್ರಿನ್ಸೆನ್‌ಗ್ರಾಖ್ಟ್‌ನ 263ನೆಯ ಸಂಖ್ಯೆಯ ಮನೆಗೆ ಹೋಗಲು ಅತ್ತಿಗೆ ಬಹಳ ಮೊದಲೇ ಟಿಕೆಟ್ಟುಗಳನ್ನು ಕಾದಿರಿಸಿದ್ದರು.

ಆನ್ ಫ್ರಾಂಕ್ ಎಂಬ ಬಾಲಕಿಯ ಹೆಸರನ್ನು ಕೇಳದವರು ವಿರಳ. 1942ರ ಜುಲೈ 6ರಿಂದ 1944ರ ಆಗಸ್ಟ್ 4ರವರೆಗೆ, ಎರಡು ವರ್ಷಕ್ಕೂ ಮೇಲೆ, ಅವಳೂ ಅವಳ ಮನೆಯವರೂ ಸೇರಿ ಎಂಟು ಜನ ಈ ಕಟ್ಟಡದ ಹಿಂಭಾಗದಲ್ಲಿ ಅಡಗಿದ್ದರು. ಮುಂಭಾಗ ಅವಳ ತಂದೆ ಆಟೋ ಫ್ರಾಂಕರ ವ್ಯಾಪಾರದ ಸ್ಥಳ. ಕೆಳಗಿನ ಉಗ್ರಾಣದಲ್ಲಿ ಮಸಾಲೆ ಸಾಮಾನುಗಳನ್ನು ಬೀಸುತ್ತಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಆಳುಗಳಿಗೆ ಮೇಲೆ ಜನರಿರುವುದು ತಿಳಿಯಬಾರದು. ಆದ್ದರಿಂದ ಹಗಲೆಲ್ಲ ಮೇಲೆ ಯಾರೂ ಬೂಟು ಹಾಕಿ ನಡೆಯುವಂತಿಲ್ಲ, ಕೊಳಾಯಿ ತಿರುಗಿಸುವಂತಿಲ್ಲ, ಕೆಮ್ಮು ಬಂದರೂ ತಡೆದುಕೊಳ್ಳಬೇಕು. ಕಚೇರಿಯ ಕೆಲವರು, ಮೀಪ್ ಗೀಸ್, ಬೆಪ್ ವೋಸ್ಕುಯ್ಲ್, ಯೋಹಾನೆಸ್ ಕ್ಲೈಮನ್, ವಿಕ್ಟರ್ ಕುಗ್ಲರ್ ಮೊದಲಾದವರು, ದಿನವೂ ಅವರಿಗೆ ಅನ್ನ, ಪುಸ್ತಕ, ಸುದ್ದಿಗಳನ್ನು ತಂದು ಮುಟ್ಟಿಸಿದರು. ಸಿಕ್ಕಿಬಿದ್ದರೆ ತಮ್ಮ ಗತಿಯೇನೆಂಬುದು ಅವರಿಗೆ ತಿಳಿದಿತ್ತು.

ಪುಸ್ತಕದ ಕಪಾಟು ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಅದರ ಹಿಂದೆ ಏಣಿಯಂತಹ ಕಡಿದಾದ ಮೆಟ್ಟಿಲು. ಕೋಣೆಗಳು ಬರಿದಾಗಿವೆ. ಬಂಧನದ ಅನಂತರ ಜರ್ಮನರು ಎಲ್ಲವನ್ನೂ ಹೊತ್ತೊಯ್ದರು. ಎಂಟು ಜನರಲ್ಲಿ ಬದುಕಿ ಬಂದ ಒಬ್ಬರೇ ಒಬ್ಬರಾದ ಆಟೋ ಫ್ರಾಂಕ್, ಅವು ಹಾಗೆಯೇ ಬರಿದಾಗಿರಲಿ ಎಂದರು. ಆನ್ 1945ರ ಆರಂಭದಲ್ಲಿ ಬೆರ್ಗೆನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡಳು. ಅವಳಿಗಾಗ ಹದಿನೈದು ವರ್ಷ. ಮೀಪ್ ಗೀಸ್ ಎತ್ತಿಟ್ಟಿದ್ದ ಅವಳ ದಿನಚರಿಯನ್ನು ತಂದೆ 1947ರಲ್ಲಿ ಪ್ರಕಟಿಸಿದರು.

ತಂದೆತಾಯಿಯರಿದ್ದ ಕೋಣೆಯ ಗೋಡೆಯಲ್ಲಿ ನಾರ್ಮಂಡಿಯ ಒಂದು ಸಣ್ಣ ನಕ್ಷೆಯಿದೆ. ಮಿತ್ರಸೈನ್ಯ ಎಲ್ಲಿಯವರೆಗೆ ಬಂದಿತು ಎಂದು ಆಟೋ ಫ್ರಾಂಕ್ ಅದರ ಮೇಲೆ ಗುಂಡುಸೂಜಿಗಳನ್ನು ಚುಚ್ಚುತ್ತ ಬಂದಿದ್ದರು. ಅದರ ಹತ್ತಿರದಲ್ಲಿಯೇ ಗೋಡೆಯ ಕಾಗದದ ಮೇಲೆ ಪೆನ್ಸಿಲಿನ ಗೆರೆಗಳು, ಒಂದರ ಮೇಲೊಂದು. ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ, ತಾರೀಕು. ನಮ್ಮ ಮನೆಗಳಲ್ಲಿ ಬಾಗಿಲ ತೋಳಿನ ಮೇಲೆ ಇಂತಹ ಗೆರೆಗಳನ್ನು ಯಾರು ಕಂಡಿಲ್ಲ? ಆ ಎರಡು ವರ್ಷಗಳಲ್ಲಿ ಆನ್ ಹದಿಮೂರು ಸೆಂಟಿಮೀಟರಿಗಿಂತಲೂ ಹೆಚ್ಚು ಬೆಳೆದಳು. ಬಿಸಿಲು ಕಾಣದೆ, ಕಿಟಕಿಯ ಪರದೆಯನ್ನು ಸರಿಸದೆ ಬೆಳೆದಳು.

ಎರಡು ದಿನಗಳಿಂದ ಕಂಡ ಕಂಡ ಗೋಡೆಯ ಮುಂದೆ ‘ಇದರ ಮಟ್ಟವೆಷ್ಟು, ಸೊನ್ನೆ ಎಲ್ಲಿಂದ?’ ಎಂದು ಕೇಳುತ್ತಿದ್ದ ನನ್ನ ಗೆಳೆಯ ಆ ಗೆರೆಗಳ ಮುಂದೆ ಕನ್ನಡಕವನ್ನು ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಹಿಂದಿನವರು ಕಾಯುತ್ತಿದ್ದರು. ಅತ್ತಿಗೆ ಅವನ ತೋಳು ಹಿಡಿದು ಮುಂದೆ ಕರೆದೊಯ್ದರು.

ಹೊರಗೆ ಬಂದಾಗ ನಡುಹಗಲು ಕಳೆದಿತ್ತು. ನಾಲ್ವರಲ್ಲಿ ಯಾರಿಗೂ ಮಾತು ಬೇಕಿರಲಿಲ್ಲ. ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಕಾಲುವೆಯ ದಡದಲ್ಲಿ ಸುಮ್ಮನೆ ನಿಂತೆವು. ಶುಕ್ರವಾರ ಊರಿಗೂರೇ ಕುಣಿದಾಡಿದ್ದ ಮಂಜು ಈಗ ಮಾಸಲು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೀರು ಕಾಣಿಸಿಕೊಂಡಿತ್ತು. ಮೇಲೆ ಯಾರೂ ಇರಲಿಲ್ಲ. ನಡುವೆ ಮಗುವೊಂದು ಬಿಟ್ಟುಹೋದ ಅಡುಗೆಮನೆಯ ಕುರ್ಚಿ ಒಂದು ಕಾಲು ಕುಸಿದು ವಾಲಿ ನಿಂತಿತ್ತು. ಒಬ್ಬ ಕೆಲಸಗಾರ ದಡದ ಏಣಿಯ ಕೊನೆಯ ಮೆಟ್ಟಿಲವರೆಗೆ ಇಳಿದು, ತುದಿಗೆ ಕೊಕ್ಕೆಯಿದ್ದ ಉದ್ದನೆಯ ಗಳುವನ್ನು ಚಾಚಿ, ಎರಡು ಮೂರು ಸಲ ತಪ್ಪಿ, ಕೊನೆಗೆ ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ. ಮೆಲ್ಲನೆ ಎಳೆದು ಮೇಲೆ ತಂದು, ಬಟ್ಟೆಯಿಂದ ಒರೆಸಿ, ಅದರ ಒಡೆಯರು ಹುಡುಕಿಕೊಂಡು ಬಂದಾರೆಂದು ಹತ್ತಿರದ ಮನೆಯೊಂದರ ಮೆಟ್ಟಿಲ ಪಕ್ಕದಲ್ಲಿ ರಸ್ತೆಗೆ ಮುಖಮಾಡಿ ಇಟ್ಟು ಹೋದ.